ವರದಿ ಬರುವ ತನಕದ ದಿನಗಳು

ಕ್ಯಾನ್ಸರ್ ಕುರಿತು ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬರಹಗಳನ್ನು ಕಾಣುತ್ತೇವೆ. ರೋಗ ಬಾರದಂತೆ ಏನು ತಿನ್ನಬೇಕು, ಏನು ಬಿಡಬೇಕು ಎಂಬ ತಿಳಿವಳಿಕೆ ಒಂದು ಬಗೆ. ರೋಗವನ್ನು ಗೆದ್ದು ಬಂದವರ ಅನುಭವ ಇನ್ನೊಂದು ಬಗೆ. ಇವೆರಡರ ನಡುವೆ ಒಂದು ಅವಧಿ ಇದೆ. ವೈದ್ಯರು ‘ಒಮ್ಮೆ ನೋಡಿಬಿಡೋಣ’ ಎಂದ ದಿನ ಅದು ಶುರುವಾಗುತ್ತದೆ, ವರದಿ ಕೈಗೆ ಬಂದ ದಿನ ಮುಗಿಯುತ್ತದೆ. ಆ ದಿನಗಳಲ್ಲಿ ಮನುಷ್ಯ ರೋಗಿಯೂ ಅಲ್ಲ, ಆರೋಗ್ಯವಂತನೂ ಅಲ್ಲ. ಅವನಿಗೆ ಔಷಧಿ ಇಲ್ಲ, ಪಥ್ಯ ಇಲ್ಲ, ನೋಡಲು ಬರುವ ಬಂಧುಗಳೂ ಇಲ್ಲ, ಏಕೆಂದರೆ ಅವನು ಯಾರಿಗೂ ಹೇಳಿರುವುದಿಲ್ಲ. ಕಳೆದ ವರ್ಷ 25 ದಿನ ನಾನು ಈ ಸ್ಥಿತಿಯಲ್ಲಿದ್ದೆ. ಆ ದಿನಗಳಲ್ಲಿ ರೋಗಕ್ಕಿಂತ ಮೊದಲು ನಮ್ಮವರ ಕೊರಳು ಹಿಚುಕುವುದು ನಾಚಿಕೆ ಮತ್ತು ಮೌನ. ಅದನ್ನು ಮುರಿಯುವ ಕೆಲಸ ಆಸ್ಪತ್ರೆಗಳಿಂದ ಮಾತ್ರ ಆಗುವಂಥದ್ದಲ್ಲ, ನಮ್ಮ ಮಠಗಳೂ ಬಸವಪರ ಸಂಘಟನೆಗಳೂ ಕೈಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಸಿವಿಲ್ ಇಂಜಿನಿಯರ್. ಸೇವೆಯ ಬಹುಪಾಲು ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಮೇಲೆ ಕಳೆಯಿತು. ನಿವೃತ್ತನಾಗಿ ಏಳು ವರ್ಷ. ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಎಂದು ಬಂತು. ಗಂಡಸರಿಗೆ 13ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಕಬ್ಬಿಣದ ಅಂಶವೂ ಕಡಿಮೆ ಇತ್ತು. ನನ್ನ ವಯಸ್ಸಿನ ಗಂಡಸಿನ ಮೈಯಲ್ಲಿ ಕಾರಣ ಕಾಣದೆ ಕಬ್ಬಿಣ ಕಡಿಮೆಯಾದರೆ, ಜಠರದಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿರಬಹುದು ಎಂದು ವೈದ್ಯರು ಸಂಶಯಪಡುತ್ತಾರೆ. ಕಾಲುವೆಯ ತಲೆಯಲ್ಲಿ ಬಿಟ್ಟ ನೀರು ಬಾಲದಲ್ಲಿ ತಾಳೆಯಾಗದಿದ್ದರೆ ನಾವು ಸೋರಿಕೆ ಹುಡುಕುತ್ತಿದ್ದೆವಲ್ಲ, ಹಾಗೆಯೇ. ಮಲಪರೀಕ್ಷೆಯಲ್ಲಿ ಕಣ್ಣಿಗೆ ಕಾಣದ ರಕ್ತ ಇರುವುದು ಗೊತ್ತಾಯಿತು. ‘ಮೇಲಿನಿಂದ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ, ಎರಡೂ ಒಂದೇ ದಿನ ಮಾಡಿಬಿಡೋಣ. ಕ್ಯಾನ್ಸರ್ ಇಲ್ಲ ಅನ್ನೋದು ಖಾತ್ರಿ ಆಗಬೇಕು’ ಎಂದರು ವೈದ್ಯರು. ಅವರು ‘ಇಲ್ಲ’ ಎಂದೇ ಹೇಳಿದ್ದರು. ಆದರೆ ಮನೆಗೆ ಬರುವ ದಾರಿಯಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಅದರ ಹಿಂದಿನ ಒಂದು ಶಬ್ದ ಮಾತ್ರ.

ಆ ಶಬ್ದ ನಮ್ಮ ಮನೆಗೆ ಹೊಸದಲ್ಲ. ನನ್ನ ಹಿರಿಯ ಅಕ್ಕನ ಯಜಮಾನರು, ನಮ್ಮ ಭಾವನವರು, 2011ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಲಿಂಗೈಕ್ಯರಾದರು. ಹತ್ತು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಅವರು ಅಕ್ಕನಿಗೂ ಹೇಳಿರಲಿಲ್ಲ. ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ, ಬಸ್ ನಿಲ್ದಾಣದ ಹತ್ತಿರ ಬೋರ್ಡು ಹಾಕಿಕೊಂಡಿದ್ದ ಒಬ್ಬರ ಬಳಿ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಿದ್ದರು. ಆ ಬೋರ್ಡಿನವರು ಒಮ್ಮೆಯೂ ಕರುಳಿನ ಒಳಗೆ ನೋಡಲಿಲ್ಲ, ನೋಡಿಸಿಕೊಂಡು ಬಾ ಎನ್ನಲೂ ಇಲ್ಲ. ಕೊನೆಗೆ ಒಂದು ರಾತ್ರಿ ಕರುಳು ಪೂರ್ತಿ ಕಟ್ಟಿಕೊಂಡು, ಹೊಟ್ಟೆ ಉಬ್ಬಿ ವಾಂತಿಯಾದಾಗಲೇ ನಮಗೆ ಗೊತ್ತಾದದ್ದು. ರಾತ್ರೋರಾತ್ರಿ ಶಸ್ತ್ರಚಿಕಿತ್ಸೆ ಆಯಿತು. ಮುಂದೆ ಒಂದೂವರೆ ವರ್ಷ ಬದುಕಿದರು. ನಲವತ್ತು ಎಕರೆ ಜಮೀನು ನಿಭಾಯಿಸಿದವರು, ಪಂಚಾಯಿತಿ ಕಟ್ಟೆಯಲ್ಲಿ ಯಾರ ಮುಲಾಜೂ ಇಲ್ಲದೆ ಮಾತಾಡುವವರು. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. ಗುದದಿಂದ ರಕ್ತ ಬರುತ್ತಿದೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ ಅಡ್ಡ ಬಂತು.

ಈ ನಾಚಿಕೆ ಎಲ್ಲಿಂದ ಬಂತು ಎಂದು ವಿಚಾರ ಮಾಡಬೇಕು. ಎದೆನೋವು ಬಂದವರು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾರೆ. ಮೊಣಕಾಲು ನೋವಿನ ಬಗ್ಗೆಯಂತೂ ಮದುವೆ ಮಂಟಪದಲ್ಲೇ ಚರ್ಚೆ ನಡೆಯುತ್ತದೆ. ಮಲ ಮತ್ತು ಮಲದ್ವಾರದ ಮಾತು ಬಂದರೆ ಮಾತ್ರ ಮೈಲಿಗೆ. ದೇಹದ ಒಂದು ಭಾಗ ಮೇಲು, ಇನ್ನೊಂದು ಕೀಳು ಎಂಬ ಎಣಿಕೆ ಇದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ವೇದಿಕೆಯಿಂದ ಇಳಿದು ಬಂದವರು ವೈದ್ಯರ ಎದುರು ‘ಹೊಟ್ಟೆ ಸರಿ ಇಲ್ಲ’ ಎಂದಷ್ಟೇ ಹೇಳಿ, ರಕ್ತದ ಮಾತು ಎತ್ತದೆ ಎದ್ದು ಬರುತ್ತಾರೆ. ಕರುಳಿನ ಸೂತಕ ಇನ್ನೂ ನಮ್ಮಲ್ಲಿ ಉಳಿದಿದೆ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಪರೀಕ್ಷಿಸುವವರು ಗಂಡಸು ವೈದ್ಯರಾಗಿದ್ದರೆ ತಿಂಗಳುಗಟ್ಟಲೆ ಮುಂದೂಡುವ ಅಕ್ಕಂದಿರನ್ನು ನಾನೇ ಬಲ್ಲೆ. ಮಹಿಳಾ ವೈದ್ಯರೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಕೇಳಿ ಪಡೆಯಬೇಕೇ ಹೊರತು ಸುಮ್ಮನಿರಬಾರದು.

ನಾನು ಅಂದೇ ಸಂಜೆ ಮನೆಯಲ್ಲಿ ಹೇಳಿದೆ. ಭಾವನವರ ನೆನಪು ಅಷ್ಟು ಕೆಲಸ ಮಾಡಿತು. ಮಡದಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ‘ಅವ್ವಗ ಮಾತ್ರ ಹೇಳಬ್ಯಾಡ್ರಿ’ ಎಂದರು. ಪುಣೆಯಲ್ಲಿರುವ ಮಗನ ಸಲಹೆಯೂ ಅದೇ. ನಮ್ಮ ತಾಯಿಗೆ 88 ವರ್ಷ. ಒಂದೇ ಸೂರಿನಡಿ ಇರುವ ಮುದುಕಿಯಿಂದ ಎಷ್ಟು ದಿನ ಮುಚ್ಚಿಡುವುದು? ಮುಚ್ಚಿಟ್ಟರೆ ಎಲ್ಲರೂ ನಗುಮುಖ ಹೊತ್ತು ತಿರುಗಬೇಕು, ಫೋನು ಬಂದರೆ ಹಿತ್ತಲಿಗೆ ಓಡಬೇಕು. ಮಾರನೆಯ ದಿನ ಹೇಳಿಬಿಟ್ಟೆ. ಅವ್ವ ಕೇಳಿದ್ದು ಒಂದೇ ಪ್ರಶ್ನೆ: ‘ಹೊಟ್ಟ್ಯಾಗ ಹೊಕ್ಕು ನೋಡಾಕ ಬರ್ತೈತೇನು ಈಗ?’ ಬರ್ತೈತಿ ಅಂದೆ. ‘ಹಂಗಾರ ಛಲೋ ಆತು, ನೋಡಿಸಿಬಿಡು. ಅವರ ಕಾಲಕ್ಕ ನೋಡ್ಸಿದ್ರ ಅಳಿಯಂದಿರು ಇರ್ತಿದ್ರೇನೋ’ ಎಂದಳು. ಹಿರಿಯರಿಗೆ ಆಘಾತವಾಗುತ್ತದೆ ಎಂದು ನಾವು ಮುಚ್ಚಿಡುವುದರಲ್ಲಿ ಅರ್ಧ ಪಾಲು ನಮ್ಮದೇ ಅಳುಕು.

ಹೇಳಿಕೊಂಡ ಮಾತ್ರಕ್ಕೆ ಹೆದರಿಕೆ ಹೋಯಿತೆಂದು ಯಾರೂ ತಿಳಿಯಬಾರದು. ಎರಡನೆಯ ವಾರದಲ್ಲಿ ನನಗೆ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಶೌಚ, ಊಟ ಸೇರದು, ತೂಕ ಒಂದೂವರೆ ಕಿಲೋ ಇಳಿಯಿತು. ಇವೆಲ್ಲ ಕ್ಯಾನ್ಸರಿನ ಲಕ್ಷಣಗಳ ಪಟ್ಟಿಯಲ್ಲೂ ಇವೆ. ವೈದ್ಯರನ್ನು ಕೇಳಿದಾಗ ಅವರು ವಿವರಿಸಿದ್ದು ಇಷ್ಟು: ಕರುಳಿನ ಗೋಡೆಯಲ್ಲಿ ನರಗಳ ದಟ್ಟ ಜಾಲ ಇದೆ, ಅದಕ್ಕೂ ಮೆದುಳಿಗೂ ಸದಾ ಸಂಪರ್ಕ ಇರುತ್ತದೆ, ಮನಸ್ಸು ಹೆದರಿದರೆ ಕರುಳಿನ ಚಲನೆ ಏರುಪೇರಾಗುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗರು ಶೌಚಕ್ಕೆ ಓಡುವುದನ್ನು ನೋಡಿದ್ದೇವಲ್ಲ. ಹೀಗೆ ಭಯ ಕರುಳನ್ನು ಕದಡುತ್ತದೆ, ಕದಡಿದ ಕರುಳು ಭಯಕ್ಕೆ ಸಾಕ್ಷಿ ಹೇಳುತ್ತದೆ. ಇನ್ನೂ ಒಂದು ಮಾತು. ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ. ಬೀಟ್‌ರೂಟ್ ಪಲ್ಯ ತಿಂದರೆ ಕೆಂಪಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಉಳಿಯುತ್ತದೆ. ಆದರೆ ಕೆಲವಕ್ಕೆ ಕಾಯಬಾರದು. ರಕ್ತ ಧಾರಾಳವಾಗಿ ಹೋದರೆ, ತಲೆಸುತ್ತಿ ಬಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿ ಶುರುವಾದರೆ, ತಡೆಯಲಾಗದ ನೋವು ಬಂದರೆ, ಗೊತ್ತುಮಾಡಿದ ತಾರೀಕು ನೋಡುತ್ತ ಕೂರದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ನನ್ನಂಥವನಿಗೆ ಸಮಾಧಾನ ತಂದದ್ದು ಸಂಗತಿ ಏನೆಂದು ತಿಳಿದುಕೊಂಡದ್ದು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯೊಂದನ್ನು ಅದರೊಳಗೆ ಪೂರ್ತಿ ಸಾಗಿಸಿ, ಹಿಂದಕ್ಕೆ ತೆಗೆಯುತ್ತ ಗೋಡೆಯನ್ನು ನೋಡುತ್ತಾರೆ. ಮಂಪರು ಬರುವ ಔಷಧಿ ಕೊಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನ ಕೆಲಸ. ಮಲದಲ್ಲಿ ರಕ್ತ ಕಂಡವರಲ್ಲಿ ಬಹುಪಾಲು ಜನರಿಗೆ ಸಿಗುವುದು ಮೂಲವ್ಯಾಧಿ, ಬಿರುಕು, ಕರುಳಿನ ಉರಿಯೂತ, ಇಲ್ಲವೇ ಪಾಲಿಪ್ ಎಂಬ ಸಣ್ಣ ಗಂಟು. ಕ್ಯಾನ್ಸರ್ ಸಿಗುವುದು ಕಡಿಮೆ ಜನರಿಗೆ. ಪಾಲಿಪ್‌ಗಳಲ್ಲಿ ಕೆಲವು ಜಾತಿಯವು ಮಾತ್ರ ಮುಂದೆ ಕ್ಯಾನ್ಸರ್ ಆಗಬಲ್ಲವು, ಅದಕ್ಕೂ ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಸಿಕ್ಕಾಗಲೇ ಅದೇ ಕೊಳವೆಯ ಮೂಲಕ ಕತ್ತರಿಸಿ ತೆಗೆಯುತ್ತಾರೆ. ಅಂದರೆ ಈ ಪರೀಕ್ಷೆ ರೋಗವನ್ನು ಹುಡುಕುವುದರ ಜೊತೆಗೆ ಕೆಲವು ಸಲ ಬರಲಿರುವ ರೋಗವನ್ನು ತಪ್ಪಿಸುತ್ತದೆ ಕೂಡ. ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ತಪಾಸಣೆ ಉಂಟು. ಕರುಳಿಗೆ ಇಲ್ಲ. ಆದ್ದರಿಂದ ಯಾರೂ ಮನೆಗೆ ಬಂದು ಕೇಳುವುದಿಲ್ಲ, ಲಕ್ಷಣ ಕಂಡವರೇ ಹೇಳಬೇಕು.

ನಮ್ಮ ಸಮಾಜದಲ್ಲಿ ಒಂದು ಸುಳ್ಳು ಸಮಾಧಾನವೂ ಚಲಾವಣೆಯಲ್ಲಿದೆ. ‘ನಾವು ಸಸ್ಯಾಹಾರಿಗಳು, ನಮಗೆಲ್ಲಿಯ ಕರುಳಿನ ಕ್ಯಾನ್ಸರ್?’ ಸಂಸ್ಕರಿಸಿದ ಮಾಂಸ ಈ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾರಿದ್ದು ನಿಜ. ಆದರೆ ವಯಸ್ಸು, ವಂಶದ ಹಿನ್ನೆಲೆ, ತಂಬಾಕು, ಮದ್ಯ, ಬೊಜ್ಜು, ಮೈಗೆ ಕೆಲಸವಿಲ್ಲದಿರುವುದು ಇವೂ ಕಾರಣಗಳ ಸಾಲಿನಲ್ಲಿವೆ. ಭಾವನವರು ಹುಟ್ಟಾ ಸಸ್ಯಾಹಾರಿ. ದಿನಾ ಎರಡು ಹೊತ್ತು ಜೋಳದ ರೊಟ್ಟಿ, ಕಾಳುಪಲ್ಯ ಉಂಡವರು. ಇನ್ನು ವಾಟ್ಸಾಪಿನಲ್ಲಿ ಬರುವ ಗೋಧಿಹುಲ್ಲಿನ ರಸ, ಗೋಮೂತ್ರ, ಬಿಸಿನೀರಿನ ನಿಂಬೆಹಣ್ಣು ಇವುಗಳ ಬಗ್ಗೆ ಬರೆದು ಪುಟ ವ್ಯರ್ಥ ಮಾಡಲಾರೆ.

ಇದಕ್ಕಿಂತ ಗಂಭೀರವಾದದ್ದು ಪಂಚಾಂಗದ ಕಾಟ. ರಿಯಾಯಿತಿ ದರದ ದೊಡ್ಡ ಆಸ್ಪತ್ರೆ ಅದು, ಸರದಿ ಉದ್ದ. ಹೃದಯ ತಜ್ಞರ ಒಪ್ಪಿಗೆಯೂ ಬೇಕಿತ್ತು. ಮೊದಲು ಕೊಟ್ಟದ್ದು 26 ದಿನಗಳ ನಂತರದ ತಾರೀಕು. ಇನ್ನೂ ಬೇಗ ಸಿಗುವುದೇ ಎಂದು ಕೇಳಿದಾಗ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ತಗ್ಗಿದ ದನಿಯಲ್ಲಿ, ‘ಸರ್, ಅಮಾವಾಸ್ಯೆ ದಿನ ಖಾಲಿ ಇದೆ. ಯಾರೂ ತಗೊಳ್ಳಲ್ಲ’ ಎಂದಳು. ಒಂಬತ್ತು ದಿನ ಮುಂಚೆ! ತಕ್ಷಣ ಬರೆಸಿದೆ. ಮನೆಯಲ್ಲಿ ಗೊತ್ತಾದ ಮೇಲೆ ಬಂಧುಗಳಿಂದ ಫೋನಿನ ಮಳೆ. ಒಬ್ಬರು ನನ್ನ ಜಾತಕದಲ್ಲಿ ಸಾಡೇಸಾತಿ ನಡೆದಿದೆ ಎಂದರು. ಜಾತಕವನ್ನೇ ಬರೆಸದ ಮನೆ ನಮ್ಮದು. ಇನ್ನೊಬ್ಬರು ಹಿಂದಿನ ಜನ್ಮದ ಕರ್ಮದ ಮಾತೆತ್ತಿ, ಶಾಂತಿ ಮಾಡಿಸಿ ಆಮೇಲೆ ಆಸ್ಪತ್ರೆಗೆ ಹೋಗು ಎಂದರು. ಹೀಗೆ ಹೇಳಿದವರು ಹೊರಗಿನವರಲ್ಲ. ಕೊರಳಲ್ಲಿ ಇಷ್ಟಲಿಂಗ ಇರುವವರು, ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದಿರುವವರು. ಹೆದರಿದವನ ಮನೆಬಾಗಿಲಿಗೆ ಮೊದಲು ಬರುವುದು ಜ್ಯೋತಿಷ್ಯವೇ. ಗಟ್ಟಿಯಾಗಿದ್ದಾಗ ಒಪ್ಪದವರೂ ಆ ದಿನಗಳಲ್ಲಿ ಒಪ್ಪಿಬಿಡುತ್ತಾರೆ. ನಮ್ಮ ಸುಧಾರಣೆಯ ಮಾತುಗಳು ನಿಜವಾಗಿ ಪರೀಕ್ಷೆಗೊಳಗಾಗುವುದು ಅಲ್ಲಿ. ನಮ್ಮ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಅಮಾವಾಸ್ಯೆಯ ಸರದಿ ಖಾಲಿ ಇರುತ್ತದೆ ಎಂಬ ಒಂದು ಸಂಗತಿ, ನಾವು ಇಷ್ಟು ವರ್ಷ ಮಾಡಿದ ಭಾಷಣಗಳ ಮೌಲ್ಯಮಾಪನ.

ಆ ಅಮಾವಾಸ್ಯೆ ಮಹಾಶಿವರಾತ್ರಿಯ ಮರುದಿನದ್ದು. ಕೊಲೊನೋಸ್ಕೋಪಿಗೆ ಕರುಳು ಸ್ವಚ್ಛವಾಗಿರಬೇಕು. ಮೂರು ದಿನ ಮೊದಲೇ ನಾರಿನಂಶ ನಿಲ್ಲಿಸಲು ಹೇಳಿದ್ದರು: ರೊಟ್ಟಿ ಇಲ್ಲ, ಕಾಳು ಇಲ್ಲ, ಸೊಪ್ಪು ಇಲ್ಲ, ಬರೀ ಬಿಳಿ ಅನ್ನ, ಮಜ್ಜಿಗೆ. ಕಬ್ಬಿಣದ ಮಾತ್ರೆ ಒಂದು ವಾರ ಮೊದಲೇ ಬಂದ್. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ, ಅಂದರೆ ಎಳನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ, ಸೋಸಿದ ತಿಳಿಸಾರು. ಸಂಜೆಯಿಂದ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕಲಸಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಹೀಗೆ ಶಿವರಾತ್ರಿಯಂದು ಮನೆಯವರೆಲ್ಲ ಉಪವಾಸವಿದ್ದರು, ಜಾಗರಣೆ ಮಾತ್ರ ನನ್ನೊಬ್ಬನದು, ಅದೂ ಶೌಚಾಲಯದಲ್ಲಿ. ಮಡದಿ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಲೋಟ ತುಂಬಿ ಕೊಡುತ್ತಿದ್ದರು. ಇಬ್ಬರೂ ನಕ್ಕೆವು. ಆ 17 ದಿನಗಳಲ್ಲಿ ಮನಸಾರೆ ನಕ್ಕದ್ದು ಅಂದೇ. (ದ್ರಾವಣವನ್ನು ತಣ್ಣಗೆ ಮಾಡಿ ಕುಡಿದರೆ ಒಳಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕೇಳಬೇಕು.)

ಅಂದು ಇಷ್ಟಲಿಂಗ ಪೂಜೆ ಬಿಡು ಎಂದು ಒಬ್ಬ ಹಿರಿಯರು ಫೋನಿನಲ್ಲಿ ಹೇಳಿದರು, ಹೊಟ್ಟೆ ಹೋಗುತ್ತಿರುವಾಗ ಮೈಲಿಗೆಯಂತೆ. ಮೈ ತೊಳೆದುಕೊಂಡು ಕೂತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸಿದರೆ ರೋಗ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬುವುದೂ ಇಲ್ಲ. ಆದರೆ ದಿನವಿಡೀ ‘ಹೀಗಾದರೆ, ಹಾಗಾದರೆ’ ಎಂದು ಓಡುವ ಮನಸ್ಸಿಗೆ ಇಪ್ಪತ್ತು ನಿಮಿಷ ಒಂದೇ ಕಡೆ ನಿಲ್ಲುವ ಅಭ್ಯಾಸ ಇದ್ದರೆ ಅದು ಆ ದಿನಗಳಲ್ಲಿ ಕೈಹಿಡಿಯುತ್ತದೆ. ಉಸಿರು ತಾನೇ ನಿಧಾನವಾಗುತ್ತಿತ್ತು, ಅಷ್ಟು ಸಾಕಿತ್ತು.

ಲಿಂಗದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಆಸ್ಪತ್ರೆಯಲ್ಲಿ ಲೋಹದ ವಸ್ತುಗಳನ್ನೆಲ್ಲ ತೆಗೆಯಿರಿ ಎನ್ನುತ್ತಾರೆ. ಪಾಲಿಪ್ ಕತ್ತರಿಸುವಾಗ ವಿದ್ಯುತ್ ಬಳಸುವುದರಿಂದ ಅದಕ್ಕೆ ಕಾರಣವಿದೆ. ಬೆಳ್ಳಿಯ ಕರಡಿಗೆ ಮೈಮೇಲೆ ಇರುವಂತಿಲ್ಲ. ಲಿಂಗವನ್ನು ಅಂಗದಿಂದ ಅಗಲಿಸಬೇಕಾಗುತ್ತದೆಂಬ ಅಳುಕಿನಿಂದಲೇ ಪರೀಕ್ಷೆ ಮುಂದೂಡುವ ವೃದ್ಧರು ನಮ್ಮಲ್ಲಿದ್ದಾರೆ. ನಾನು ಎರಡು ದಿನ ಮೊದಲೇ ಹೋಗಿ ನರ್ಸ್ ಒಬ್ಬರನ್ನು ಕೇಳಿದೆ. ಕರಡಿಗೆ ಬಿಟ್ಟು ಹತ್ತಿಬಟ್ಟೆಯ ವಸ್ತ್ರದಲ್ಲಿ ಕಟ್ಟಿಕೊಂಡು ಬನ್ನಿ, ಅಭ್ಯಂತರ ಇಲ್ಲ ಎಂದರು. ಬೇರೆ ಕಡೆ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಒಂದು ವೇಳೆ ಒಪ್ಪದಿದ್ದರೆ ಅರ್ಧ ಗಂಟೆ ಮನೆಯವರ ಕೈಯಲ್ಲಿ ಇರಲಿ. ಜೀವ ಉಳಿಸಿಕೊಳ್ಳುವುದನ್ನು ಯಾವ ಶರಣರೂ ಬೇಡವೆಂದಿಲ್ಲ.

ಕೊಲೊನೋಸ್ಕೋಪಿಯಲ್ಲಿ 14 ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು. ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಆಮೇಲಿನ ಎಂಟು ದಿನಗಳು ಮೊದಲಿನ 17 ದಿನಗಳಿಗಿಂತ ಉದ್ದವಾಗಿದ್ದವು. ಈಗ ‘ಏನೋ ಇದೆ’ ಎಂಬುದು ಖಚಿತ, ಏನು ಎಂಬುದು ಮಾತ್ರ ಗೊತ್ತಿಲ್ಲ. ವರದಿ ಐದನೆಯ ದಿನ ಬರಬಹುದು ಎಂದಿದ್ದರು. ಬರಲಿಲ್ಲ. ತಡವಾದರೆ ಕೆಟ್ಟದ್ದೇ ಇರಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಆಧಾರವಿಲ್ಲ. ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಬೇಕು, ನೀರಿನಂಶ ತೆಗೆಯಬೇಕು, ಮೇಣದಲ್ಲಿ ಅಚ್ಚು ಹಾಕಬೇಕು, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಸೀಳಬೇಕು, ಬಣ್ಣ ಹಾಕಬೇಕು, ಆಮೇಲೆ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಂಶಯ ಬಂದರೆ ಇನ್ನಷ್ಟು ಸೀಳುಗಳನ್ನು ತೆಗೆಯುತ್ತಾರೆ, ಇನ್ನೊಬ್ಬರ ಅಭಿಪ್ರಾಯ ಕೇಳುತ್ತಾರೆ. ನಡುವೆ ಭಾನುವಾರ ಬರುತ್ತದೆ.

ನಮ್ಮ ಇಲಾಖೆಯಲ್ಲಿ ಕಾಂಕ್ರೀಟ್ ಹಾಕಿದ ದಿನ 150 ಮಿಲಿಮೀಟರಿನ ಘನಗಳನ್ನು ಅಚ್ಚು ಹಾಕಿ ನೀರಿನಲ್ಲಿಡುತ್ತೇವೆ. ಏಳನೆಯ ದಿನ ಒಡೆದು ನೋಡಿದರೆ ಪೂರ್ತಿ ಬಲದ ಸುಮಾರು ಮೂರನೇ ಎರಡು ಭಾಗ ತೋರಿಸುತ್ತದೆ, ಅಂತಿಮ ತೀರ್ಪು 28ನೆಯ ದಿನ. ನಡುವೆ ಯಾವ ಗುತ್ತಿಗೆದಾರ ಎಷ್ಟೇ ಅವಸರ ಮಾಡಿದರೂ ಸಿಮೆಂಟ್ ತನ್ನ ಕಾಲ ತಾನು ತೆಗೆದುಕೊಳ್ಳುತ್ತದೆ. ಹಾಗೆಂದು ಆ 28 ದಿನ ಕಾಮಗಾರಿ ನಿಂತಿರುವುದಿಲ್ಲ. ದಿನಾ ನೀರು ಉಣಿಸಬೇಕು, ಮುಂದಿನ ಹಂತದ ಸಿದ್ಧತೆ ನಡೆಯುತ್ತಿರಬೇಕು. ನಾನೂ ಆ ಎಂಟು ದಿನ ಊರಿನ ಮಠದ ಪ್ರಸಾದನಿಲಯದ ಅಡುಗೆಮನೆ ಛಾವಣಿ ದುರಸ್ತಿಯ ಅಂದಾಜುಪಟ್ಟಿ ಮಾಡಿದೆ. ಟೇಪು ಹಿಡಿದು ಅಳತೆ ತೆಗೆದು, ಪರಿಮಾಣ ಲೆಕ್ಕ ಹಾಕಿ, ದರಪಟ್ಟಿ ನೋಡಿ ಬರೆಯುವ ಕೆಲಸ. ಸುಮ್ಮನೆ ಪುಸ್ತಕ ಹಿಡಿದರೆ ಒಂದೇ ಪುಟ ನಾಲ್ಕು ಸಲ ಓದುತ್ತಿದ್ದವನಿಗೆ ಅಂಕಿ ಕೂಡಿಸುವಾಗ ಬೇರೆ ಯೋಚನೆ ಬರುತ್ತಿರಲಿಲ್ಲ. ಕಾಯಕದ ಬಗ್ಗೆ ದೊಡ್ಡ ವ್ಯಾಖ್ಯಾನಗಳಿವೆ. ಗಾಬರಿಯಾದವನಿಗೆ ಲೆಕ್ಕ ತಪ್ಪಬಾರದಂಥ ಒಂದು ಕೆಲಸ, ಅದೂ ಇನ್ನೊಬ್ಬರಿಗೆ ಬೇಕಾದದ್ದು ಕೈಯಲ್ಲಿರಬೇಕು ಎಂಬ ಸಣ್ಣ ಅರ್ಥವೂ ಅದಕ್ಕೆ ಇದೆ. ರಾತ್ರಿಗೆ ಇದು ಸಾಲದು. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಟ್ಟೆ. ಆದರೂ ನಿದ್ದೆ ಬಾರದ ಎರಡು ರಾತ್ರಿಗಳ ನಂತರ ವೈದ್ಯರಿಗೆ ಹೇಳಿದೆ, ಕೆಲವು ದಿನಗಳಿಗೆ ಮಾತ್ರೆ ಕೊಟ್ಟರು. ಅದರಲ್ಲಿ ನಾಚುವುದೇನೂ ಇಲ್ಲ. ತೀರಾ ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗಲೂ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಆಸ್ಪತ್ರೆಗಳ ಬಗ್ಗೆಯೂ ಒಂದು ತಕರಾರು ಇದೆ. ನನ್ನ ವರದಿ ಶನಿವಾರ ಸಂಜೆ ಏಳಕ್ಕೆ ಮೊಬೈಲಿಗೆ ಬಂತು. ಇಂಗ್ಲಿಷಿನಲ್ಲಿ ಒಂದೂವರೆ ಪುಟ. ವೈದ್ಯರು ಸಿಗುವುದು ಸೋಮವಾರ. ಅದರಲ್ಲಿ ‘ಡಿಸ್‌ಪ್ಲೇಸಿಯಾ’ ಎಂಬ ಶಬ್ದವಿತ್ತು. ಮಗ ಪುಣೆಯಿಂದ ತನ್ನ ವೈದ್ಯ ಗೆಳೆಯನಿಗೆ ತೋರಿಸಿ ರಾತ್ರಿ ಹತ್ತಕ್ಕೆ ಅರ್ಥ ಹೇಳಿದ: ಕ್ಯಾನ್ಸರ್ ಇಲ್ಲ, ಕ್ಯಾನ್ಸರ್ ಆಗಬಹುದಾಗಿದ್ದ ಜಾತಿಯ ಗಂಟು, ಪೂರ್ತಿ ತೆಗೆದಾಗಿದೆ. ಮೂರು ವರ್ಷಕ್ಕೆ ಮತ್ತೆ ನೋಡಿಸಬೇಕು ಎಂದು ಸೋಮವಾರ ವೈದ್ಯರೂ ಹೇಳಿದರು. ನನಗೆ ಮೂರು ಗಂಟೆಯಲ್ಲಿ ಬಿಡುಗಡೆಯಾಯಿತು. ಅಂಥ ಗೆಳೆಯ ಇಲ್ಲದ ಮನೆಯಲ್ಲಿ ಆ ಶಬ್ದ ಎರಡು ರಾತ್ರಿ ಕೂತಿರುತ್ತಿತ್ತು. ನಿಜವಾಗಿಯೂ ಕ್ಯಾನ್ಸರ್ ಇದ್ದವರಿಗೆ ಅದು ಒಂಟಿಯಾಗಿ, ಫೋನಿನ ಪರದೆಯಲ್ಲಿ ಗೊತ್ತಾಗುತ್ತಿತ್ತು. ವರದಿ ಯಾವ ದಿನ, ಯಾರು ವಿವರಿಸುತ್ತಾರೆ, ನಡುವೆ ಸಂಶಯ ಬಂದರೆ ಯಾರಿಗೆ ಫೋನು ಮಾಡಬೇಕು, ಈ ಮೂರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲು ಎಷ್ಟು ಖರ್ಚಾಗುತ್ತದೆ? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಕ್ಯಾನ್ಸರ್ ಸಂಶಯದ ಮೇಲೆ ತುರ್ತಾಗಿ ಕಳಿಸಿದ ವ್ಯಕ್ತಿಗೆ ಇದೆ ಅಥವಾ ಇಲ್ಲ ಎಂಬುದನ್ನು 28 ದಿನಗಳೊಳಗೆ ತಿಳಿಸಬೇಕೆಂಬ ಗುರಿ ಇಟ್ಟುಕೊಂಡಿದ್ದಾರೆ. ಎಲ್ಲರಿಗೂ ಅದು ದಕ್ಕುತ್ತಿಲ್ಲ, ನಿಜ. ಆದರೆ ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ವಿಚಾರವಾದರೂ ಅಲ್ಲಿದೆ. ಸೇತುವೆ ಕಾಮಗಾರಿಗೆ ಅವಧಿ ನಿಗದಿ ಮಾಡುವ ನಾವು ಮನುಷ್ಯನ ಆತಂಕಕ್ಕೆ ಮಾಡುವುದಿಲ್ಲ.

ಮಠಗಳ ಮಾತಿಗೆ ಬರುತ್ತೇನೆ. ಸುತ್ತೂರು ಮಠದ ಜೆಎಸ್ಎಸ್ ಆಸ್ಪತ್ರೆ ಮೈಸೂರಿನಲ್ಲಿದೆ, ತುಮಕೂರಿನಲ್ಲಿ ಸಿದ್ಧಗಂಗಾ ಆಸ್ಪತ್ರೆ ಇದೆ. ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲ ಮಠಗಳಿಗೂ ಇರುವುದಿಲ್ಲ, ಇರಬೇಕೆಂದೂ ಇಲ್ಲ. ನಾನು ಕೇಳುವುದು ಕಟ್ಟಡವನ್ನಲ್ಲ. ಹೆಚ್ಚಿನ ಮಠಗಳಲ್ಲಿ ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುತ್ತದೆ. ಗೋಷ್ಠಿ ಮುಗಿದ ಮೇಲೆ ಒಂದು ಗಂಟೆ, ಪರೀಕ್ಷೆಗೆ ಕಾಯುತ್ತಿರುವವರು ಬಂದು ಕೂರಲಿ. ಇಂಥ ಪರೀಕ್ಷೆಗಳನ್ನು ದಾಟಿ ಬಂದ ಒಂದಿಬ್ಬರು, ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ, ಅಲ್ಲಿರಲಿ. ಔಷಧಿ ಹೇಳಬಾರದು, ಧೈರ್ಯ ತುಂಬುವ ಭಾಷಣವೂ ಬೇಡ. ಆಸ್ಪತ್ರೆಯ ಚೀಟಿ ಓದಿ ಹೇಳುವುದು, ಪುಡಿ ಹೇಗೆ ಕಲಸಬೇಕೆಂದು ಹೇಳುವುದು, ಮನೆಯಲ್ಲಿ ಯಾರೂ ಇಲ್ಲದವರ ಜೊತೆ ಆ ದಿನ ಹೋಗಿ ಕಾರಿಡಾರಿನಲ್ಲಿ ಕೂರುವುದು. ಮಂಪರು ಕೊಟ್ಟವರನ್ನು ಒಬ್ಬರೇ ಮನೆಗೆ ಬಿಡುವುದಿಲ್ಲ. ಜೊತೆಗೆ ಬರಲು ಆಳಿಲ್ಲ ಎಂಬ ಒಂದೇ ಕಾರಣಕ್ಕೆ ತಾರೀಕು ತಪ್ಪಿಸಿಕೊಂಡ ಒಬ್ಬ ವಿಧವೆ ತಾಯಿಯನ್ನು ನಾನು ಆ ಕೌಂಟರಿನ ಮುಂದೆಯೇ ನೋಡಿದೆ. ಕೆಟ್ಟ ಸುದ್ದಿ ಬಂದವರ ಜೊತೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಮೊದಲ ಸಲ ಹೋಗಲು ದಾರಿ ಗೊತ್ತಿದ್ದವರು ಒಬ್ಬರು ಬೇಕು. ದಾಸೋಹ ಅನ್ನದಲ್ಲಿ ಮುಗಿಯುವುದಿಲ್ಲ ಎಂದು ನಾವೇ ಹೇಳುತ್ತಿರುತ್ತೇವೆ.

ಈ ವಿಷಯವನ್ನು ನಮ್ಮೂರ ಮಠದ ಪೂಜ್ಯರ ಮುಂದೆ ಇಟ್ಟಿದ್ದೇನೆ. ಅಂದಾಜುಪಟ್ಟಿ ಒಪ್ಪಿಸಲು ಹೋದ ದಿನವೇ ಕೇಳಿದೆ. ಪ್ರಸಾದನಿಲಯದ ಹಳೆಯ ಗ್ರಂಥಾಲಯದ ಕೋಣೆ ಬಳಸಿಕೊಳ್ಳಿ ಎಂದಿದ್ದಾರೆ. ಮುಂದಿನ ತಿಂಗಳ ಗೋಷ್ಠಿಯ ನಂತರ ಶುರು ಮಾಡುತ್ತೇವೆ, ಹತ್ತು ಕುರ್ಚಿ ಸಾಕು. ಶೌಚಾಲಯ ಹತ್ತಿರವೇ ಇರಬೇಕು ಎಂದು ಮಾತ್ರ ನಾನು ಹಟ ಹಿಡಿದಿದ್ದೇನೆ.